ಉಸಿರು ನಿಲ್ಲಿಸಿದೆ, ಮುಂದೆ ಹೇಳಿ

ಮೂರನೇ ಸಲವೂ ಚಿತ್ರ ಮಸುಕು! ಟೆಕ್ನಿಷಿಯನ್ ತಲೆ ಚಚ್ಚಿಕೊಂಡಳು. ಗಾಜಿನಾಚೆ, ಎಂಆರ್‌ಐ ಯಂತ್ರದ ಸುರಂಗದೊಳಗೆ ಮಲಗಿದ್ದವನು ಬೇರೆ ಯಾರೋ ಆಗಿದ್ದರೆ ಅವಳು ಇಷ್ಟು ಹೊತ್ತಿಗೆ ಕೆಳಗಿಳಿಸಿ ಮುಂದಿನವರನ್ನು ಕರೆದಿರುತ್ತಿದ್ದಳು. ಮಲಗಿದ್ದವನು ಅವಳ ಸೋದರಮಾವ. ಅಪ್ಪನಿಲ್ಲದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಮೂವತ್ತು ವರ್ಷ ರೈಲು ಓಡಿಸಿದವನು. ಹೃದಯಾಘಾತವಾಗಿ ಇವತ್ತಿಗೆ ಐದನೇ ದಿನ. ಸ್ವಂತದವರ ಸ್ಕ್ಯಾನ್ ಮಾಡಬೇಡ ಎನ್ನುವುದೇನೋ ಸರಿ, ಆದರೆ ಈ ಆಸ್ಪತ್ರೆಯಲ್ಲಿ ಹೃದಯದ ಚಿತ್ರ ತೆಗೆಯಬಲ್ಲವರು ಇಬ್ಬರೇ, ಇನ್ನೊಬ್ಬ ರಜೆ ಹಾಕಿ ಹೋಗಿದ್ದಾನೆ. ಏನು ಮಾಡೋದು?

ಒಳಗೆ ಹೋಗುವಾಗ ಮಾವ ನಕ್ಕಿದ್ದ. "ಸುರಂಗ ನಂಗೇನು ಹೊಸದಾ ಪುಟ್ಟಿ? ಒಂದೇ ಒಂದು ಹೇಳು. ನಾನು ಮತ್ತೆ ಎಂಜಿನ್ ಹತ್ತುತೀನಾ?"

ಉತ್ತರ ಈ ಚಿತ್ರದಲ್ಲೇ ಇತ್ತು. ಮುಚ್ಚಿಹೋಗಿದ್ದ ದೊಡ್ಡ ರಕ್ತನಾಳವನ್ನು ಸ್ಟೆಂಟ್ ಹಾಕಿ ತೆರೆದಾಗಿತ್ತು. ಅಷ್ಟಕ್ಕೇ ಮುಗಿಯಲಿಲ್ಲವಲ್ಲ! "ಹೆದ್ದಾರಿ ತೆರೆದಿದೆ. ಗಲ್ಲಿಗಳೇ ಮುಚ್ಚಿದ್ರೆ ಮನೆಮನೆಗೆ ಹಾಲು ಹೇಗೆ ಮುಟ್ಟುತ್ತೆ?" ಎಂದು ಡಾಕ್ಟರಮ್ಮ ಅತ್ತೆಗೆ ಬಿಡಿಸಿ ಹೇಳಿದ್ದರು. ಹೃದಯದ ಕೂದಲೆಳೆಯಂಥ ಸಣ್ಣ ನಾಳಗಳು ಕೆಟ್ಟಿದ್ದರೆ ಎಂಜಿನ್ನಿನ ಮಾತೇ ಎತ್ತುವ ಹಾಗಿಲ್ಲ. ತೆರೆದಿದ್ದರೆ, ಕೆಲವು ತಿಂಗಳಾದ ಮೇಲೆ ರೈಲ್ವೆ ಡಾಕ್ಟರರ ಮುಂದೆ ಪರೀಕ್ಷೆಗೆ ನಿಲ್ಲಬಹುದು.

"ಪೇಷಂಟ್ ಅಲುಗಾಡ್ತಿದ್ದಾರೆ," ಬೆನ್ನ ಹಿಂದೆ ಕೂತಿದ್ದ ಡಾಕ್ಟರಮ್ಮ ಗೊಣಗಿದರು. "ಹೀಗಾದ್ರೆ ಡೈ ಕೊಟ್ಟೂ ದಂಡ. ಕೆಳಗಿಳಿಸಿಬಿಡು."

"ನಮ್ಮ ಮಾವ ಅಲುಗಾಡೋ ಜಾತಿಯಲ್ಲ ಮೇಡಂ! ಇನ್ನೊಂದೇ ಒಂದು ಸಲ."

ಯಂತ್ರದ ಗದ್ದಲ ತಡೆಯಲಾರದೆ ಒಳಗಿನ ದನಿಯ ಸ್ಪೀಕರನ್ನು ಅವಳು ಸಣ್ಣಗೆ ಮಾಡಿಟ್ಟಿದ್ದಳು. ಈಗ ಅದನ್ನು ಪೂರ್ತಿ ತಿರುಗಿಸಿ ಮೈಕಿನ ಗುಂಡಿ ಒತ್ತಿದಳು.

"ಉಸಿರು ಬಿಟ್ಟು ನಿಲ್ಲಿಸಿ." ಹೇಳಿದ್ದೇ ತಡ, ಸ್ಕ್ಯಾನ್ ಶುರು ಮಾಡಿದಳು.

ಸ್ಪೀಕರು ಗುಡುಗಿತು. "ಉಸಿರು ಬಿಟ್ಟು ನಿಲ್ಲಿಸಿದೆ! ಮುಂದೆ ಹೇಳಿ!"

ಡಾಕ್ಟರಮ್ಮನ ಪೆನ್ನು ಕೆಳಗೆ ಬಿತ್ತು. ಟೆಕ್ನಿಷಿಯನ್ ಬಿದ್ದು ಬಿದ್ದು ನಕ್ಕಳು. ಅಯ್ಯೋ ನನ್ನ ಮಾವನೇ! ಮೂವತ್ತು ವರ್ಷ ಎಂಜಿನ್ನಿನಲ್ಲಿ ಮಾಡಿದ್ದು ಇದನ್ನೇ ಅಲ್ಲವೇ? ಜೊತೆಗಾರ ಸಿಗ್ನಲ್ಲಿನ ಬಣ್ಣ ಕೂಗಬೇಕು, ಇವನು ಅದನ್ನೇ ತಿರುಗಿ ಕೂಗಬೇಕು, ಕೂಗದಿದ್ದರೆ ಕೇಳಿಸಿಲ್ಲವೆಂದೇ ಅರ್ಥ. ಮನೆಯಲ್ಲಿ ಅತ್ತೆ "ಉಪ್ಪು ತನ್ನಿ" ಎಂದರೂ "ಉಪ್ಪು ತರ್ತೀನಿ" ಎಂದು ಕೂಗಿಯೇ ಏಳುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಇದು ಕೆಲಸ ಕಲಿಸಿದ ಗುಣ, ಇನ್ನೂ ಗಟ್ಟಿ.

"ಬಾಯಿ ಮುಚ್ಕೊಂಡಿರೋಕೆ ಹೇಳು," ಎಂದರು ಡಾಕ್ಟರಮ್ಮ.

ಹೇಳಬೇಕೆಂದು ಗುಂಡಿಯ ಮೇಲೆ ಬೆರಳಿಟ್ಟವಳಿಗೆ ಥಟ್ಟನೆ ಹೊಳೆಯಿತು. ಮಾತಾಡುವುದೆಂದರೆ ಉಸಿರು ಬಿಡುವುದೇ ಅಲ್ಲವೇ? ಅವನ ಮಾತು ಮುಗಿಯುವಷ್ಟರಲ್ಲಿ ಎದೆ ಖಾಲಿ! ತಪ್ಪು ಅವನದಲ್ಲ, ಉತ್ತರ ಬರುವ ಮೊದಲೇ ಗಾಡಿ ಬಿಟ್ಟದ್ದು ತಾನು.

"ಮಾವ, ನಾನು ಹೇಳಿದ್ದನ್ನ ವಾಪಸ್ ಹೇಳು, ಜೋರಾಗೇ ಹೇಳು. 'ಮುಂದೆ ಹೇಳಿ' ಮಾತ್ರ ಬೇಡ. ಹೇಳಿ ಮುಗಿದ್ಮೇಲೆ ಹಾಗೇ ನಿಂತ್ಬಿಡು."

"ಹಾಗೇ ನಿಲ್ತೀನಿ!"

ಈ ಸಲ ಅವಳು ಅವನ ಕೂಗು ಮುಗಿಯುವ ತನಕ ಕಾದು ಸ್ಕ್ಯಾನ್ ಗುಂಡಿ ಒತ್ತಿದಳು. ಪರದೆಯ ಮೇಲೆ ಮಾವನ ಹೃದಯ ಚಾಕುವಿನಲ್ಲಿ ಕೊಯ್ದಿಟ್ಟ ಹಣ್ಣಿನಷ್ಟು ಸ್ಪಷ್ಟವಾಗಿ ಮೂಡಿತು. "ಭಲೇ!" ಎಂದು ಡಾಕ್ಟರಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ನರ್ಸು ಡೈ ಕೊಟ್ಟಳು.

ರಕ್ತ ಹೋದಲ್ಲೆಲ್ಲ ಡೈ ಹೋಗುತ್ತದೆ, ಪೆಟ್ಟು ತಿಂದ ಜಾಗ ಬೆಳ್ಳಗಾಗುತ್ತದೆ. ಎರಡನೇ ನಿಮಿಷದ ಚಿತ್ರ ಬಂತು. ಬಿಳಿಯ ಒಳಗೆ ಕಡಲೆಬೇಳೆಯಷ್ಟು ಕಪ್ಪು ಚುಕ್ಕೆ. ಅಲ್ಲಿಗೆ ರಕ್ತ ಮುಟ್ಟುತ್ತಿಲ್ಲ. ಗಲ್ಲಿ ಮುಚ್ಚಿದೆ.

"ಈಗಲೇ ಅಳಬೇಡ," ಡಾಕ್ಟರಮ್ಮ ಅವಳ ಭುಜ ಹಿಡಿದರು. "ಡೈ ನಿಧಾನಕ್ಕೆ ತುಂಬಿಕೊಂಡ್ರೆ ಪೆಟ್ಟು ಸಣ್ಣದು. ಹತ್ತು ನಿಮಿಷ ಆದ್ಮೇಲೂ ಕಪ್ಪಾಗೇ ಇದ್ರೆ ಮಾತ್ರ ಕಷ್ಟ."

ಹತ್ತು ನಿಮಿಷ! ಗೋಡೆಯ ಗಡಿಯಾರದ ಮುಳ್ಳಿಗೆ ಅಂಟು ಹಾಕಿದ್ದರೋ ಏನೋ. ಬಾಗಿಲಾಚೆ ಅತ್ತೆಯ ಚಪ್ಪಲಿ ಅತ್ತಿಂದಿತ್ತ ಸವೆಯುತ್ತಿರುವುದು ಕೇಳುತ್ತಿತ್ತು. ಒಳಗಿನಿಂದ ಮಾವ ಎರಡು ಸಲ ಕೇಳಿದ, "ಸಿಗ್ನಲ್ ಏನು ಪುಟ್ಟಿ?" ಇವಳು ಎರಡು ಸಲವೂ "ಕಾಯಬೇಕು ಮಾವ" ಎಂದಳು. ಅವನು ಎರಡು ಸಲವೂ "ಕಾಯ್ತೀನಿ" ಎಂದ, ಎರಡನೆಯದು ಸ್ವಲ್ಪ ಮೆತ್ತಗೆ.

ಸಮಯವಾಯಿತು. "ಉಸಿರು ಬಿಟ್ಟು ನಿಲ್ಲಿಸಿ."

"ಉಸಿರು ಬಿಟ್ಟು ನಿಲ್ಲಿಸಿದೆ!"

ಅವಳೂ ಉಸಿರು ನಿಲ್ಲಿಸಿದಳು. ಚಿತ್ರಗಳು ಒಂದೊಂದಾಗಿ ಬಂದವು. ಬಿಳಿ ಪಟ್ಟಿ ಇತ್ತು. ಅದರೊಳಗೆ ಕಪ್ಪೆಲ್ಲಿ? ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ನೋಡಿದರು. ಮತ್ತೊಮ್ಮೆ ನೋಡಿದರು. ಇಲ್ಲ! ಎಲ್ಲೂ ಇಲ್ಲ! ತುಂಬಿಕೊಂಡುಬಿಟ್ಟಿದೆ! ಟೆಕ್ನಿಷಿಯನ್‌ಗೆ ಹೋದ ಜೀವ ಬಂದಂತಾಯಿತು. ಫಲಿತಾಂಶ ಹೇಳುವ ಹಕ್ಕು ಅವಳಿಗಿಲ್ಲ, ಮೈಕನ್ನು ಡಾಕ್ಟರಮ್ಮನ ಕಡೆಗೆ ತಳ್ಳಿದಳು.

"ಯಜಮಾನ್ರೇ, ಕೇಳಿಸ್ತಾ? ಸಣ್ಣ ನಾಳಗಳಲ್ಲಿ ರಕ್ತ ಓಡ್ತಿದೆ. ಹಸಿರು ಅಂತ ಈಗಲೇ ಹೇಳಲ್ಲ. ಹಳದಿ. ನಿಧಾನವಾಗಿ ಮುಂದೆ ಹೋಗಬಹುದು."

ಟೆಕ್ನಿಷಿಯನ್ ಮೈಕಿಗೆ ಬಾಗಿದಳು.

"ಮಾವ? ವಾಪಸ್ ಹೇಳು."

ಸ್ಪೀಕರಿನಲ್ಲಿ ಮೂಗು ಸೇದಿದ ಸದ್ದು ಬಂತು. "ತಡಿ ಪುಟ್ಟಿ," ಎಂದ ಕೊನೆಗೆ. "ಇದೊಂದ್ಸಲ ನೀನೇ ಹೇಳ್ಬಿಡು."

ಅವಳು ಕಣ್ಣೊರೆಸಿಕೊಂಡು ಎದ್ದು ನಿಂತಳು. ಬಾಗಿಲಾಚೆಯ ಅತ್ತೆಯ ಚಪ್ಪಲಿ ಗಕ್ಕನೆ ನಿಲ್ಲುವಷ್ಟು ಜೋರಾಗಿ ಕೂಗಿದಳು, "ಹಳದಿ! ನಿಧಾನವಾಗಿ ಮುಂದೆ!"