ಬೀಗದಯ್ಯನ ಆಯುಸ್ಸು

ರೊಟ್ಟಿಯಮ್ಮ ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಮೊಣಕಾಲೂರಿ ಬೀಗದಯ್ಯನ ಆಯುಸ್ಸಿಗಾಗಿ ಪ್ರಾರ್ಥಿಸಿದಳು. ಅವನಿಗೆ ಎದೆನೋವು ಬಂದಾಗ ಉಪವಾಸ ಕೂತಳು. ಸೊಂಟ ಮುರಿದಾಗ ಚರ್ಚಿನಲ್ಲಿ ಸಭೆಯ ನಡುವೆ ಎದ್ದು ನಿಂತು ಕಣ್ಣೀರಿಟ್ಟು ಬೇಡಿಕೊಂಡಳು. ಎಂಥ ದೊಡ್ಡ ಮನಸ್ಸು ಎಂದು ಜನ ಕೊಂಡಾಡಿದರು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಬಾಯಿ ಬಿಡದೆ ಅವನು ಸತ್ತರೆ ಇವಳ ಮರ್ಯಾದೆಯೂ ಅವನ ಜೊತೆಗೇ ಗುಂಡಿ ಸೇರುತ್ತಿತ್ತು, ಅಷ್ಟೆ.

ಅವಳು ಬೇಕರಿಯ ಕೆಲಸದವಳು. ಯೇಸುವಿನ ನೆನಪಿಗೆ ಸಭೆಯವರೆಲ್ಲ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ರೊಟ್ಟಿ ಸುಡುವುದು, ಆರಾಧನೆ ಮುಗಿದ ಮೇಲೆ ಬೆಳ್ಳಿಯ ಬಟ್ಟಲು ತೊಳೆದು ಒರೆಸಿಡುವುದು ಅವಳ ಸೇವೆ. ಬೀಗದಯ್ಯ ಸಭೆಯ ಹಿರಿಯ. ಬೀಗದ ಕೈ ಗೊಂಚಲು ಅವನ ಸೊಂಟದಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಭಾನುವಾರ ಬಟ್ಟಲು ಕಾಣೆಯಾಯಿತು. ಕೊನೆಗೆ ಮುಟ್ಟಿದವಳು ಇವಳೇ ಎಂದ ಬೀಗದಯ್ಯ. ಪೊಲೀಸರವರೆಗೆ ಹೋಗಲಿಲ್ಲ, ತಪ್ಪೊಪ್ಪಿಕೊಳ್ಳುವವರೆಗೆ ಪ್ರಭುವಿನ ಮೇಜಿಗೆ ಬಂದು ರೊಟ್ಟಿ ತೆಗೆದುಕೊಳ್ಳಕೂಡದು ಎಂದು ತೀರ್ಪಾಯಿತು.

ಮಾಡದ ತಪ್ಪನ್ನು ಒಪ್ಪುವುದು ಹೇಗೆ? ಬೀಗದ ಕೈ ಅವನ ಸೊಂಟದಲ್ಲಿರುವಾಗ ಬಟ್ಟಲು ಎಲ್ಲಿ ಹೋಯಿತೆಂದು ಅವನಿಗೇ ಗೊತ್ತಿರಬೇಕು ಎಂಬುದು ಇವಳ ಲೆಕ್ಕ. ಬೇರೆ ಸಭೆಗೆ ಹೋಗಬಾರದೇನೇ ಅಕ್ಕಾ ಎಂದಳು ತಂಗಿ. ಹೋದರೆ ಕಳ್ಳಿ ಓಡಿಹೋದಳು ಅಂತಾರೆ ಎಂದು ಇವಳು ಕದಲಲಿಲ್ಲ. ತಮಾಷೆ ಎಂದರೆ, ರೊಟ್ಟಿ ಮಾತ್ರ ಇವಳದೇ ಬೇಕು. ಬೇರೆಯವರು ಸುಟ್ಟದ್ದು ಮುರಿದರೆ ಪುಡಿಪುಡಿ, ನೆಲದ ತುಂಬ ಉದುರು. ಹೀಗಾಗಿ ಇವಳು ಸುಟ್ಟ ರೊಟ್ಟಿ ಇವಳ ಮೂಗಿನ ಮುಂದೆಯೇ ಹಾದು ಎಲ್ಲರ ಬಾಯಿ ಸೇರುತ್ತಿತ್ತು. ಇವಳು ಕೈಕಟ್ಟಿ ಕೂತು ಬೀಗದಯ್ಯನ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದಳು. ನಂಬಿಕೆ ಬಿಡಲಿಲ್ಲ, ಹಗೆಯನ್ನೂ ಬಿಡಲಿಲ್ಲ. ಎರಡನ್ನೂ ಒಟ್ಟಿಗೇ ನಾದಿಕೊಂಡು ಬಂದಳು.

ಈಗ ಬೀಗದಯ್ಯ ಹಾಸಿಗೆ ಹಿಡಿದಿದ್ದ. ಬುಧವಾರ ಅವನ ಸೊಸೆ ಬೇಕರಿಗೇ ಬಂದು, ಮಾವ ನಿಮ್ಮನ್ನೇ ಕನವರಿಸುತ್ತಿದ್ದಾರೆ ಎಂದು ಕರೆದೊಯ್ದಳು. ಅವನು ಸೊಸೆಯನ್ನು ಹೊರಗೆ ಕಳಿಸಿ, ತಡವರಿಸುತ್ತ ಎಲ್ಲ ಹೇಳಿದ. ಬಟ್ಟಲಿನ ಬುಡ ಸಡಿಲವಾಗಿತ್ತು. ಬೆಸುಗೆ ಹಾಕಿಸೋಣವೆಂದು ತಾನೇ ಕೋಟಿನಲ್ಲಿ ಸುತ್ತಿ ತಂದು ಟ್ರಂಕಿನಲ್ಲಿಟ್ಟು ಮರೆತಿದ್ದ. ಹದಿನೈದು ದಿನದ ಮೇಲೆ ಸಿಕ್ಕಿತು. ಅಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ನಾಚಿಕೆಗೆ ಅಂಜಿ ಹಿತ್ತಲಲ್ಲಿ ಹೂತುಬಿಟ್ಟ.

“ಕ್ಷಮಿಸಿಬಿಡಮ್ಮ. ನೆಮ್ಮದಿಯಾಗಿ ಕಣ್ಣು ಮುಚ್ತೀನಿ.”

“ಕಣ್ಣು ಆಮೇಲೆ ಮುಚ್ಚೋರಂತೆ. ಭಾನುವಾರ ಎಲ್ಲರ ಮುಂದೆ ಹೇಳಿ.”

“ಅಲ್ಲೀತನಕ ಇರಲ್ಲ ನಾನು.”

“ಇರ್ತೀರಿ. ಮೂವತ್ತೊಂದು ವರ್ಷ ನಿಮ್ಮನ್ನ ಎಳ್ಕೊಂಡು ಬಂದಿದೀನಿ. ಇನ್ನು ನಾಲ್ಕು ದಿನ ಯಾವ ಲೆಕ್ಕ?”

ಆ ಪ್ರಾರ್ಥನೆಗಳೆಲ್ಲ ಯಾತಕ್ಕೆಂದು ಅವನಿಗೆ ಆಗ ಹೊಳೆಯಿತು.

ಅವಳು ಅಲ್ಲೇ ಠಿಕಾಣಿ ಹೂಡಿದಳು. ಒಲ್ಲೆ ಒಲ್ಲೆ ಎಂದರೂ ಚಮಚ ಚಮಚವಾಗಿ ಹಾಲು ಕುಡಿಸಿದಳು. ಉಸಿರು ಸಣ್ಣಗಾದಾಗಲೆಲ್ಲ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ನಿಮ್ಮಂಥವರು ಯಾರಿದ್ದಾರೆ ಎಂದು ಸೊಸೆ ಕಣ್ಣೊರೆಸಿಕೊಂಡಳು. ಇವಳು ಇನ್ನೊಂದು ಚಮಚ ಹಾಲು ತುಂಬಿಕೊಂಡಳು.

ಭಾನುವಾರ ಇಬ್ಬರು ಮೊಮ್ಮಕ್ಕಳು ಅವನನ್ನು ಕುರ್ಚಿಯಲ್ಲಿ ಹೊತ್ತು ತಂದರು. ಅವನು ಗೊಣಗುಟ್ಟುತ್ತ ಹೇಳಿ ಮುಗಿಸಿದ. ಮುಂದಿನವರು ತಲೆ ತಗ್ಗಿಸಿದರು, ಹಿಂದಿನವರು ಏನಂತೆ ಏನಂತೆ ಎಂದು ಪಿಸುಗುಟ್ಟಿದರು.

ರೊಟ್ಟಿಯಮ್ಮ ಎದ್ದು ನಿಂತಳು. “ಹಿಂದಿನ ಸಾಲಿನೋರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಸಾಕು ಬಿಡಿ ಎಂಬಂತೆ ಸಭಾಪಾಲಕ ಅಯ್ಯನವರು ಕೈ ಎತ್ತಿದರು. ಅವಳು ಆ ಕಡೆ ನೋಡಲಿಲ್ಲ. ಬೀಗದಯ್ಯ ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು, ಬಟ್ಟಲು, ಕೋಟು, ಟ್ರಂಕು, ಹಿತ್ತಲು, ಒಂದನ್ನೂ ಬಿಡದೆ ಮತ್ತೆ ಹೇಳಿದ. ಈ ಸಲ ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು.

ಆಮೇಲೆ ಅವಳು ಮಂಡಿನೋವಿನಲ್ಲಿ ನಿಧಾನಕ್ಕೆ ಮೇಜಿನವರೆಗೆ ನಡೆದಳು. ಮನಸ್ಸಿನಿಂದ ಕ್ಷಮಿಸಿದಿರಾ ಎಂದು ಅಯ್ಯನವರು ಮೆಲ್ಲಗೆ ಕೇಳಿದರು.

“ಇವತ್ತಿಂದ ಶುರು ಮಾಡ್ತೀನಿ ಅಯ್ಯನೋರೇ. ಸ್ವಲ್ಪ ನಿಧಾನ ಆಗುತ್ತೆ.”

ಹೇಳಿ ಎರಡೂ ಕೈ ಚಾಚಿದಳು. ಅಯ್ಯನವರು ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ರೊಟ್ಟಿಯ ದೊಡ್ಡ ತುಂಡನ್ನೇ ಮುರಿದರು.