ಹತ್ತೊಂಬತ್ತನೇ ನಂಬರ್

ಸುಂದರೇಶ್ ಸರ್ ಪೆನ್ನಿನ ಕ್ಯಾಪು ತೆಗೆದು ಹಲ್ಲಲ್ಲಿ ಕಚ್ಚಿಕೊಂಡರು, ಇನ್ನು ಅವರು ಕರೆಯುವ ನಂಬರುಗಳೆಲ್ಲ ಆ ಕ್ಯಾಪಿನ ಪಕ್ಕದ ಸಂದಿಯಿಂದಲೇ ನುಸುಳಿ ಬರಬೇಕು, ಒನ್ — ಪ್ರೆಸೆಂಟ್ ಸರ್, ಟೂ — ಪ್ರೆಸೆಂಟ್ ಸರ್, ತಲೆ ಎತ್ತುವುದಿಲ್ಲ ಅವರು, ಹತ್ತನೇ ಕ್ಲಾಸಿನ ಮೂವತ್ತೆಂಟು ಮುಖಗಳಿಗಿಂತ ಹಾಜರಿ ಪುಸ್ತಕದ ಚೌಕಗಳ ಮೇಲೆಯೇ ಅವರಿಗೆ ನಂಬಿಕೆ, ಫೋರ್ — ಪ್ರೆಸೆಂಟ್ ಸರ್, ಅದು ನಾನು, ಅರ್ಪಣಾ, ಕ್ಲಾಸ್ ಲೀಡರ್, ನನ್ನ ಕೆಲಸ ಮುಗಿಯಿತು, ಮುಗಿಯಬೇಕಿತ್ತು, ಆದರೆ ಇನ್ನೊಂದು ಬಾಕಿ ಇದೆ, ಎರಡು ತಿಂಗಳಿಂದ ದಿನಾ ಬೆಳಿಗ್ಗೆ ನಾನು ಎರಡು ಸಲ ಹಾಜರಾಗುತ್ತೇನೆ, ನಾಲ್ಕಕ್ಕೆ ನನ್ನ ದನಿಯಲ್ಲಿ, ಹತ್ತೊಂಬತ್ತಕ್ಕೆ ಕುಸುಮಾಳ ಒಡಕು ದನಿಯಲ್ಲಿ, ಗಂಟಲನ್ನು ಸ್ವಲ್ಪ ಬಿಗಿಹಿಡಿದು ಗಲ್ಲವನ್ನು ಎದೆಗೆ ಒತ್ತಿದರೆ ಸಾಕು, ಅವಳೇ ಪಕ್ಕದಲ್ಲಿ ಕೂತು ಕೂಗಿದ ಹಾಗೆ ಬರುತ್ತದೆ, ಕ್ಲಾಸಿಗೆಲ್ಲ ಗೊತ್ತು, ಯಾರೂ ನಗುವುದಿಲ್ಲ, ಕೆರೆಕಟ್ಟೆಯಿಂದ ಬರುವ ಬಸ್ಸಿನ ಸಮಯವನ್ನು ಜೂನಿನಲ್ಲಿ ಅರ್ಧ ಗಂಟೆ ಮುಂದಕ್ಕೆ ಹಾಕಿದ ಮೇಲೆ ಅದು ಶೃಂಗೇರಿ ಮುಟ್ಟುವಷ್ಟರಲ್ಲಿ ನಮ್ಮ ಬೆಲ್ಲು ಹೊಡೆದಿರುತ್ತದೆ, ಕುಸುಮಾ ಓಡಿ ಬಂದು ನೀರಿನ ಟ್ಯಾಂಕಿನ ಹಿಂದೆ ನಿಂತು, ಸರ್ ಹಾಜರಿ ಮುಗಿಸಿ ಹೊರಗೆ ಹೋದ ಕೂಡಲೇ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತಾಳೆ, ಬ್ಯಾಗಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಬೆಂಚಿನ ಕೆಳಗೆ ನನ್ನ ಕೈಯನ್ನು ಒಮ್ಮೆ ಒತ್ತುತ್ತಾಳೆ, ಅಷ್ಟೇ, ಒಂದು ದಿನವೂ ಥ್ಯಾಂಕ್ಸ್ ಹೇಳಿದವಳಲ್ಲ, ಹೇಳಿದ್ದರೆ ನಾನೇ ಬೈಯುತ್ತಿದ್ದೆ. ಸ್ನೇಹ ಎಂದರೆ ಇದೇ ಎಂದು ನಾನು ತಿಳಿದುಕೊಂಡಿದ್ದೆ.

ಇವತ್ತು ಬೆಂಚಿನಲ್ಲಿ ನಾನೊಬ್ಬಳೇ, ಎಡಕ್ಕೆ ಎರಡು ಜಾಗ ಖಾಲಿ, ಕುಸುಮಾಳದ್ದೊಂದು, ಐನೋಳದ್ದೊಂದು, ಸಿಕ್ಸ್ — ಪ್ರೆಸೆಂಟ್ ಸರ್, ಐನೋಳದ್ದು ಕೊನೆಯ ನಂಬರು, ಮೂವತ್ತೆಂಟು, ಹೆಸರು ತಡವಾಗಿ ಸೇರಿದ್ದರಿಂದ ಅಕ್ಷರದ ಸಾಲು ತಪ್ಪಿ ಪುಸ್ತಕದ ಕೆಳಗೆ ಕೂತಿದೆ, ಫಿನ್ಲೆಂಡಿನಿಂದ ಬಂದವಳು, ಒಂದು ವರ್ಷ ನಮ್ಮ ಮನೆಯಲ್ಲೇ ಇದ್ದು ನನ್ನ ಜೊತೆ ಓದುವವಳು, ಅವಳು ಹೋದ ಮೇಲೆ ಮುಂದಿನ ವರ್ಷ ನಾನು ಅವರ ಮನೆಗೆ, ಅದರ ಫಾರ್ಮು ಸರ್ ಮೇಜಿನ ಮೇಲೆ ನೀಲಿ ಫೈಲಿನಲ್ಲಿದೆ, ಹಾಜರಿ ಪುಸ್ತಕದ ಪಕ್ಕದಲ್ಲೇ, ಇಲ್ಲಿಂದಲೇ ಕಾಣುತ್ತದೆ ಅದರ ಮೂಲೆ, ನಡತೆ ಎನ್ನುವ ಕಡೆ ಸರ್ ಎರಡು ಸಾಲು ಬರೆದು ಸಹಿ ಹಾಕಬೇಕು, ಇವತ್ತೇ ಕೊರಿಯರ್ ಆಗಬೇಕು, ಸೆವೆನ್ — ಅವಳು ಮೊದಲ ದಿನ ಬಂದಾಗ ಥರ್ಟಿ ಎಯ್ಟ್ ಎಂದ ಕೂಡಲೇ ಎದ್ದೇ ನಿಂತಳಲ್ಲ, ನಾವೆಲ್ಲ ಕೂತಲ್ಲೇ ಪುಸ್ತಕ ತಿರುವುತ್ತಾ ಪ್ರೆಸೆಂಟ್ ಸರ್ ಎಂದು ರಾಗ ಎಳೆಯುವವರು, ಅವಳು ಎದ್ದು ನಿಂತು, ನಾನು ಇದ್ದೇನೆ ಸರ್, ಎಂದಳು ಅಚ್ಚ ಕನ್ನಡದಲ್ಲಿ, ಕ್ಲಾಸು ಗೊಳ್ಳೆಂದು ನಕ್ಕಿತು, ಮಾರನೆಯ ದಿನವೂ ಎದ್ದು ನಿಂತಳು, ಅದರ ಮಾರನೆಯ ದಿನವೂ, ನಗುವವರಿಗೇ ಬೇಜಾರು ಬಂತು, ಸಮವಸ್ತ್ರ ಎಂದ ಮೇಲೆ ಎರಡು ಜಡೆ ಕೆಂಪು ರಿಬ್ಬನ್ನು ಬೇಕೇ ಬೇಕಲ್ಲ, ಅವಳ ಕೂದಲು ಕಿವಿಯಿಂದ ನಾಲ್ಕು ಬೆರಳು ಕೆಳಗೆ, ಅಜ್ಜಿ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಎಳೆದೆಳೆದು ಹೆಣೆದು ರಿಬ್ಬನ್ನು ಕಟ್ಟಿದರೂ ಪ್ರಾರ್ಥನೆ ಹೊತ್ತಿಗೆ ಎಡಗಡೆಯದ್ದು ಬಿಚ್ಚಿ ಹೆಗಲ ಮೇಲೆ ಬಿದ್ದಿರುತ್ತದೆ. ಅವಳು ಅದನ್ನು ಗಮನಿಸುವುದೇ ಇಲ್ಲ.

ಏಯ್ಟ್, ನೈನ್, ಯಾರೋ ಕೆಮ್ಮಿದರು — ಅಜ್ಜಿಗೆ ಅವಳೆಂದರೆ ಪ್ರಾಣ, ಗೋದಾವರಿಯಮ್ಮನ ಹೊಸ ಮೊಮ್ಮಗಳು ಎಂದು ಕೇರಿಯವರೆಲ್ಲ ಹಂಗಿಸಿದರೂ ಅಜ್ಜಿ ಜಗ್ಗಲಿಲ್ಲ, ಮೊದಲ ವಾರ ಉಪ್ಪಿಟ್ಟು ಹೇಗಿದ್ದು ಕೂಸೇ ಎಂದು ಕೇಳಿದರೆ, ಉಪ್ಪು ಜಾಸ್ತಿ ಅಜ್ಜಿ, ಎಂದು ಹೇಳಿ ಎರಡನೇ ಸಲ ಹಾಕಿಸಿಕೊಂಡು ತಿಂದಳು, ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ, ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ, ಹೌದೇ ಹೌದು, ಈ ಕೂಸಿಗೆ ಸುಳ್ಳು ಹೇಳಕ್ಕೆ ಬತ್ತಿಲ್ಲೆ, ನೀವೆಲ್ಲ ಇಷ್ಟು ವರ್ಷ ಚೊಲೊ ಇದ್ದು ಚೊಲೊ ಇದ್ದು ಅಂತ ತಿಂದ್ಕಂಡು ಕೂತಿದ್ರಿ, ಎಂದು ನಮಗೇ ಬೈದಳು, ಟೆನ್ — ಪ್ರೆಸೆಂಟ್ ಸರ್, ಐನೋಗೆ ಎಲ್ಲದಕ್ಕೂ ಯಾಕೆ ಎಂದು ಕೇಳುವ ಚಾಳಿ, ಗುಡ್ ಮಾರ್ನಿಂಗ್ ಸರ್ ಎನ್ನುವುದನ್ನು ಯಾಕೆ ಹಾಡುತ್ತೀರಿ, ಬ್ಯಾಗಿಗೆ ಕಾಲು ತಾಗಿದರೆ ಯಾಕೆ ಕಣ್ಣಿಗೆ ಒತ್ತಿಕೊಳ್ಳುತ್ತೀರಿ, ಕೇಳುವುದೂ ಕೇಳಿ ಮಾರನೆಯ ದಿನ ಅವಳೇ ನನಗಿಂತ ಮೊದಲು ಒತ್ತಿಕೊಳ್ಳುತ್ತಾಳೆ, ಮೈದಾನದಲ್ಲಿ ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿದರೆ ಕಿರುಚಲಿಲ್ಲ, ಕೂತು ನೋಡಿದಳು, ಎಂತ ಮಾರಾಯ್ತಿ ಇದು, ಎಷ್ಟು ಕುಡಿಯುತ್ತೆ, ಎಂದಳು, ಕುಸುಮಾ ಉಪ್ಪಿನ ಪೊಟ್ಟಣ ತೆಗೆದು ಉದುರಿಸಿದಾಗ ಅದು ಬಿದ್ದದ್ದನ್ನು ಕಂಡು ಅವಳಿಗೆ ಡಾಕ್ಟರ್ ಎಂದು ಹೆಸರಿಟ್ಟಳು, ಎಲ್ಲ ಕ್ಲಾಸಿನವರೂ ಈಗ ಕುಸುಮಾಳನ್ನು ಡಾಕ್ಟ್ರೇ ಎಂದೇ ಕರೆಯುತ್ತಾರೆ, ಅಲ್ಲಿಯವರೆಗೆ ಅವಳು ಕೆರೆಕಟ್ಟೆಯಿಂದ ಬರುವವಳು ಮಾತ್ರ ಆಗಿದ್ದಳು, ಇಲೆವೆನ್ — ಪ್ರೆಸೆಂಟ್ ಸರ್. ಮತ್ತೆ ಐನೋ ವಾರ್ತೆ ಓದಿದ ಆ ದಿನ, ಅಯ್ಯೋ, ಪ್ರಾರ್ಥನೆಯಾದ ಮೇಲೆ ಮುನ್ನೂರು ಮಕ್ಕಳ ಮುಂದೆ ಪೇಪರು ಹಿಡಿದು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಾಳೆ, ಭಾರಿ ಮಳೆ ಕಾರಣ ಇಂದು ಚಿಕ್ಕಮಗಳೂರು ಜಿಲ್ಲೆಯ ಎಲ್ಲ ಶಾಲೆಗಳಿಗೆ ರಜೆ, ಅಷ್ಟು ಕೇಳಿದ್ದೇ ತಡ ಮೈದಾನಕ್ಕೆ ಮೈದಾನವೇ ಹೋ ಎಂದು ಕುಣಿಯಿತು, ಎಂಟನೇ ಕ್ಲಾಸಿನವರು ಬ್ಯಾಗು ತರಲು ಓಡಿಯೇ ಬಿಟ್ಟರು, ಅವಳು ಪೇಪರು ನೋಡುತ್ತಾಳೆ, ರಜೆ ಇದ್ದದ್ದು ಮೇಲಿನ ಸಾಲಿನ ಶಿವಮೊಗ್ಗ ಜಿಲ್ಲೆಗೆ, ಸಾಲು ತಪ್ಪಿದ್ದಳು, ನಾನಾಗಿದ್ದರೆ ಅಲ್ಲೇ ಕುಸಿದು ಅಳುತ್ತಿದ್ದೆ, ಇಲ್ಲವೆ ಮೆಲ್ಲಗೆ ಮುಂದಿನ ಸುದ್ದಿಗೆ ಜಾರಿಕೊಳ್ಳುತ್ತಿದ್ದೆ, ಅವಳು ಎಡಗಡೆಯ ರಿಬ್ಬನ್ನು ಬಿಚ್ಚಿ ಹೆಗಲ ಮೇಲೆ ಬಿದ್ದಿರುವ ಹಾಗೆಯೇ ನೆಟ್ಟಗೆ ನಿಂತು ಮೈಕಿನಲ್ಲಿ, ತಪ್ಪಾಯಿತು, ಮತ್ತೆ ಓದುತ್ತೇನೆ, ಎಂದಳು. ಮುನ್ನೂರು ಜನ ಛೇ ಎಂದದ್ದು ಪೇಟೆಯವರೆಗೆ ಕೇಳಿಸಿತಂತೆ, ಅವಳು ಮಾತ್ರ ಮತ್ತೆ ಓದಿಯೇ ಓದಿದಳು.

ಟ್ವೆಲ್ವ್, ಥರ್ಟೀನ್, ಸರ್ ಇವತ್ತು ಯಾಕಿಷ್ಟು ಬೇಗ ಬೇಗ — ಜೆರಾಕ್ಸ್ ಮಷೀನಿನ ಬೆಳಕು, ಬಸ್‌ಸ್ಟ್ಯಾಂಡಿನ ಎದುರು ಅಪ್ಪನ ಅಂಗಡಿ, ಮೊನ್ನೆ ಸಂಜೆ ಅಪ್ಪ ಕಾಫಿಗೆ ಹೋಗಿದ್ದಾಗ ನಾನು ಮಷೀನಿನ ಮುಂದೆ, ಐನೋ ಸ್ಟೇಪ್ಲರ್ ಹಿಡಿದುಕೊಂಡು ಪಕ್ಕದಲ್ಲಿ, ಸುಮಿತ್ರಮ್ಮ ಬಂದರು, ಕುಸುಮಾಳ ಅಮ್ಮ, ಸೆರಗಿನಲ್ಲಿ ಸುತ್ತಿ ತಂದ ಕಾಗದ, ಇದರದ್ದೊಂದು ಜೆರಾಕ್ಸ್ ತೆಗೆದು ಕೊಡು ಮಗಾ, ಎಂತ ಬರ್ದಿದ್ದಾರೆ ಒಂಚೂರು ಓದಿ ಹೇಳು, ಬಸ್ಸನ್ನು ಮೊದಲಿನ ಸಮಯಕ್ಕೇ ಬಿಡಿ ಎಂದು ಊರಿನವರು ಕೊಟ್ಟ ಅರ್ಜಿಗೆ ಬಸ್ಸಿನ ಆಫೀಸಿನಿಂದ ಬಂದ ಉತ್ತರ, ನಾನು ಓದಿದೆ, ಜೋರಾಗಿಯೇ ಓದಿದೆ, ಸದರಿ ವಿದ್ಯಾರ್ಥಿನಿಯು ಪ್ರತಿದಿನ ಸಮಯಕ್ಕೆ ಸರಿಯಾಗಿ ಶಾಲೆಗೆ ಹಾಜರಾಗುತ್ತಿರುವುದು ಹಾಜರಿ ಪುಸ್ತಕದ ಪ್ರತಿಯಿಂದ ಕಂಡುಬಂದಿರುವುದರಿಂದ ಸಮಯ ಬದಲಾವಣೆಯ ಅಗತ್ಯವಿರುವುದಿಲ್ಲ, ಓದುತ್ತಾ ಓದುತ್ತಾ ನನ್ನ ದನಿ ನನಗೇ ಒಡಕಾಗಿ ಕೇಳಿಸಿತು, ಸುಮಿತ್ರಮ್ಮ ಕಾಗದವನ್ನು ತಿರುಗಿಸಿ ನೋಡಿದರು, ಸಮಯಕ್ಕೆ ಸರಿಯಾಗಿ ಹೋಗ್ತಾಳೆ ಅಂತ ಬರ್ದಿದ್ದಾರಾ, ಐದೂವರೆಗೆ ಎದ್ದು ರೊಟ್ಟಿ ಸುಟ್ಟು ಕಟ್ಟಿ ಕಳಿಸ್ತೇನೆ, ಬಸ್ಸೇ ಬರದಿದ್ರೆ ಹುಡುಗಿ ರೆಕ್ಕೆ ಕಟ್ಕೊಂಡು ಹೋಗ್ತಾಳಾ, ಹಾಗಂತ ಹೇಳಿದವರು ಯಾರು ಮಗಾ, ಯಾರು ಎಂದರೆ ನಾನೇ, ನಾನೇ ಸುಮಿತ್ರಮ್ಮ, ಗಲ್ಲ ಎದೆಗೊತ್ತಿ ಎರಡು ತಿಂಗಳು, ಬಾಯಿ ತೆರೆಯಲಿಲ್ಲ ನಾನು, ಜೆರಾಕ್ಸಿಗೆ ದುಡ್ಡು ಬೇಡ ಎಂದೆ, ಅಷ್ಟು ದೊಡ್ಡ ಮನಸ್ಸು ನನ್ನದು. ಅವರು ಹೋದ ಮೇಲೆ ಐನೋ ಸ್ಟೇಪ್ಲರನ್ನು ಮೆಲ್ಲಗೆ ಕೆಳಗಿಟ್ಟು, ನೀನು ಒಳ್ಳೇದು ಮಾಡಕ್ಕೆ ಹೋದೆ ಮಾರಾಯ್ತಿ, ಆದ್ರೆ ಆ ಪುಸ್ತಕದಲ್ಲಿ ನಿಮ್ಮ ಬಸ್ಸು ನಮ್ಮ ಫಿನ್ಲೆಂಡಿನ ಬಸ್ಸಿಗಿಂತ ಟೈಮಿಗೆ ಸರಿಯಾಗಿ ಬರುತ್ತೆ, ಎಂದಳು, ನಗಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಫೋರ್ಟೀನ್ — ಪ್ರೆಸೆಂಟ್ ಸರ್, ಸೋಮವಾರದಿಂದ ಈ ಪುಸ್ತಕವೂ ಇಲ್ಲ, ಸರ್ ಮೊಬೈಲು ಹಿಡಿದು ಒಬ್ಬೊಬ್ಬರ ಮುಖ ತೋರಿಸಿ ಹಾಜರಿ, ನನ್ನ ಗಂಟಲಿಗೆ ಇನ್ನು ಕೆಲಸವಿಲ್ಲ, ಜೂನಿನಲ್ಲಿ ಬಿದ್ದ ಆಬ್ಸೆಂಟುಗಳ ಮೇಲೆ ಇನ್ನೂ ಬಿದ್ದರೆ ಕುಸುಮಾಳನ್ನು ಪರೀಕ್ಷೆಗೆ ಕೂರಿಸುವುದು ನನ್ನ ಕೈಯಲ್ಲಿಲ್ಲ ಎಂದು ಸರ್ ಆಗಲೇ ಹೇಳಿದ್ದಾರೆ, ನಾನು ಇದನ್ನೆಲ್ಲ ಯೋಚಿಸಿ ಯೋಚಿಸಿ ಉಗುರು ಕಚ್ಚುತ್ತಿದ್ದಾಗ ಐನೋ ಸೀದಾ ಹೆಡ್‌ಮಾಸ್ಟರ್ ರೂಮಿಗೆ ಹೋಗಿ ಬಂದಳು, ಬಸ್ಸಿನಿಂದ ತಡವಾದರೆ ಮಕ್ಕಳ ತಪ್ಪಾ ಎಂದು ಕೇಳಿದಳಂತೆ, ಕಂಡಕ್ಟರ್ ಸಮಯ ಬರೆದು ಸಹಿ ಹಾಕಿದ ಚೀಟಿ ತಂದರೆ ಅಂಥವರಿಗೆ ಹಾಜರಿ ಕೊಡಬಹುದಂತೆ, ಅಂಥದ್ದೊಂದು ದಾರಿ ಇದೆಯಂತೆ, ನಾವು ಯಾರೂ ಕೇಳಿಯೇ ಇರಲಿಲ್ಲ, ಹತ್ತು ವರ್ಷ ಶಾಲೆಗೆ ಬಂದವರು, ಒಬ್ಬರೂ, ನಮಗೆ ಕದ್ದು ಸಹಾಯ ಮಾಡುವುದು ಗೊತ್ತು, ಎದುರಿಗೆ ಹೋಗಿ ಕೇಳುವುದು ಗೊತ್ತಿಲ್ಲ, ಫಿಫ್ಟೀನ್ — ಆದರೆ ಇವತ್ತಿನ ಒಂದು ಚೀಟಿಯಿಂದ ಎಂತ ಆಗುತ್ತದೆ, ಊರಿನವರ ಎರಡನೇ ಅರ್ಜಿಯ ಜೊತೆ ಮಧ್ಯಾಹ್ನ ಹೆಡ್‌ಮಾಸ್ಟರು ಇದೇ ಪುಸ್ತಕದ ಪ್ರತಿ ಕಳಿಸುತ್ತಾರೆ, ಎರಡು ತಿಂಗಳು ಸಾಲಾಗಿ ಅವಳು ಹಾಜರ್ ಹಾಜರ್ ಹಾಜರ್, ಅದು ಸುಳ್ಳು ಎಂದು ಹೇಳಬೇಕಾದವಳು ನಾನೊಬ್ಬಳೇ, ನಿನ್ನೆ ಸಂಜೆ ಬಸ್ಸು ಹತ್ತುವಾಗ ಕುಸುಮಾ ನನ್ನ ಕೈ ಹಿಡಿದು, ಬ್ಯಾಡ ಮಾರಾಯ್ತಿ, ನಿನ್ನ ಫಾರ್ಮು ಹೋಗ್ಲಿ ಮೊದ್ಲು, ನಂದು ಎಂತಾದ್ರೂ ಆಗುತ್ತೆ, ಎಂದಳು, ಎಂತಾದರೂ ಆಗುತ್ತದೆಯೇ, ಶಾಲೆ ಬಿಡುತ್ತಾಳೆ, ಅದೇ ಆಗುವುದು, ಐನೋ ಅವಳ ಹಿಂದೆಯೇ ಬಸ್ಸು ಹತ್ತಿದಳು, ಕೆರೆಕಟ್ಟೆಯಲ್ಲಿ ಉಳಿದು ಬೆಳಿಗ್ಗೆ ಅದೇ ಬಸ್ಸಿನಲ್ಲಿ ಬರಲು, ಚೀಟಿಗೆ ಸಹಿ ಹಾಕಿಸಿಕೊಂಡು ಬರಲು, ಕಿಟಕಿಯಿಂದ ತಲೆ ಹಾಕಿ, ನಾಳೆ ನನ್ನ ನಂಬರ್ ಕರೆದಾಗ ಸುಮ್ಮನಿರು, ನಾನು ಬಂದ ಮೇಲೆ ಬಂದೆ ಅಂತ ಹೇಳ್ತೇನೆ, ಎಂದಳು, ಕುಸುಮಾಳ ನಂಬರಿಗೆ ಏನು ಮಾಡಬೇಕೆಂದು ಹೇಳಲಿಲ್ಲ, ನಾನು ಕಾದೆ, ಹೇಳಲಿಲ್ಲ, ಅವಳು ಚಾಡಿ ಹೇಳುವವಳಲ್ಲ, ಬುದ್ಧಿ ಹೇಳುವವಳೂ ಅಲ್ಲ, ಬಸ್ಸು ತಿರುಗಿತು, ಕಿಟಕಿಯ ಹೊರಗೆ ಕೆಂಪು ರಿಬ್ಬನ್ನು ಹಾರುತ್ತಿತ್ತು.

ಸಿಕ್ಸ್‌ಟೀನ್ — ಪ್ರೆಸೆಂಟ್ ಸರ್, ನನಗೆ ಹೋಗಬೇಕು, ಸುಳ್ಳು ಯಾಕೆ, ತುಂಬಾ ಆಸೆ ಇದೆ, ಅವರ ಶಾಲೆಯಲ್ಲಿ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲೇ ಕ್ಲಾಸಿಗೆ ಹೋಗುತ್ತಾರಂತೆ, ಹೊರಗೆ ಹಿಮ, ಅವಳ ತಮ್ಮ ನನಗೆಂದು ಒಂದು ಕೋಟು ತೆಗೆದಿಟ್ಟಿದ್ದಾನಂತೆ, ಅಲ್ಲಿಯೂ ಹಾಜರಿ ಕರೆಯುತ್ತಾರೆ, ನನ್ನ ಹೆಸರು ಬರುತ್ತದೆ, ಸೆವೆಂಟೀನ್ — ಆಗ ನಾನು ಅವಳ ಹಾಗೆ ಎದ್ದು ನಿಂತು ನಾನು ಇದ್ದೇನೆ ಎನ್ನಬೇಕು, ಯಾವ ದನಿಯಲ್ಲಿ ಎನ್ನುತ್ತೇನೆ, ನೀಲಿ ಫೈಲು, ನಡತೆ, ಎರಡು ಸಾಲು, ಸುಮ್ಮನೆ ಕೂತರೆ ಅರ್ಧ ಗಂಟೆಯಲ್ಲಿ ಸಹಿ, ಸುಮ್ಮನೆ ಕೂತು ಹತ್ತೊಂಬತ್ತಕ್ಕೆ ಉತ್ತರವನ್ನೇ ಕೊಡದಿದ್ದರೆ ಹೇಗೆ, ಸುಳ್ಳೂ ಅಲ್ಲ ನಿಜವೂ ಅಲ್ಲ, ಇವತ್ತೊಂದು ಆಬ್ಸೆಂಟ್ ಬೀಳುತ್ತದೆ, ಹಿಂದಿನ ಎರಡು ತಿಂಗಳು ಹಾಗೆಯೇ ಇರುತ್ತದೆ, ಮೆಲ್ಲಗೆ ಮುಂದಿನ ಸುದ್ದಿಗೆ ಜಾರಿಕೊಂಡ ಹಾಗೆ, ಏಯ್ಟೀನ್ — ಪ್ರೆಸೆಂಟ್ ಸರ್, ಗಂಟಲು ಅದಾಗಲೇ ಬಿಗಿಯಿತು, ಗಲ್ಲ ಕೆಳಗೆ ಇಳಿಯುತ್ತಿದೆ, ಅಭ್ಯಾಸ, ನೈನ್ಟೀನ್ — ಬೆಂಚು ಕಿರ್ ಎಂದಿತು, ನಾನು ಎದ್ದಿದ್ದೇನೆ, ಯಾವಾಗ ಎದ್ದೆ, ನೈನ್ಟೀನ್, ಸರ್ ಮತ್ತೊಮ್ಮೆ, ಕುಸುಮಾ ಬಂದಿಲ್ಲ ಸರ್, ಬಸ್ಸು ಬಂದಿಲ್ಲ, ಯಾವ ದಿನವೂ ಈ ಹೊತ್ತಿಗೆ ಬಂದಿಲ್ಲ, ಇಷ್ಟು ದಿನ ಅವಳ ನಂಬರಿಗೆ ಕೂಗಿದ್ದು ನಾನು, ಇದು ನನ್ನದೇ ದನಿ, ತೆಳ್ಳಗಿದೆ, ಸರ್ ತಲೆ ಎತ್ತಿದರು, ಬಾಯಿಯಿಂದ ಪೆನ್ನಿನ ಕ್ಯಾಪು ತೆಗೆದು ನೀಲಿ ಫೈಲಿನ ಮೇಲೆ ಇಟ್ಟರು, ತಪ್ಪಾಯಿತು ಸರ್, ಮತ್ತೆ — ಮತ್ತೆ ಎಂತ, ಕಣ್ಣೆದುರು ಮತ್ತೆ ಆ ಮೈದಾನ, ಮುನ್ನೂರು ಜನ ಛೇ ಎನ್ನುತ್ತಿದ್ದಾರೆ, ಐನೋ ಪೇಪರು ಹಿಡಿದು ನಿಂತಿದ್ದಾಳೆ, ಎಡಗಡೆಯ ರಿಬ್ಬನ್ನು ಬಿಚ್ಚಿ ಹೆಗಲ ಮೇಲೆ ಬಿದ್ದಿದೆ, ಕೆಂಪಗೆ, ಅವಳು ಅದನ್ನು ಕಟ್ಟಿಕೊಳ್ಳುತ್ತಿಲ್ಲ, ನಿಂತಿದ್ದಾಳೆ, ಹೆಗಲ ಮೇಲೆ ಕೆಂಪು ರಿಬ್ಬನ್ನು