ಗಾಲಿಯ ಮೇಲಿನ ಸಂದು

ಹಿಂದಿನ ಎಡಗಾಲಿ ತಿರುಗುವುದನ್ನೇ ನಿಲ್ಲಿಸಿತು. ಎಂಜಿನ್ ಅರಚಿತು, ಜೀಪು ನಿಂತಲ್ಲೇ ನಡುಗಿತು. ಬದುವಿನ ಮೇಲೆ ಕುಳಿತಿದ್ದ ಗುರಪ್ಪ ನಕ್ಕುಬಿಟ್ಟ. ಹೊಲ ಅವನದು; ಜೀಪನ್ನು ಪರೀಕ್ಷಿಸಿ ನೋಡಲೆಂದು ಬೋರಿನ ನೀರು ಹಾಯಿಸಿ ಮೂಲೆಯ ಎರೆಮಣ್ಣನ್ನು ಕೆಸರು ಮಾಡಿಕೊಟ್ಟವನೂ ಅವನೇ.

"ಏ ನಿಯಾಜ, ಜೀಪಿಗೆ ಮದುವಿ ಕುದುರಿಗತೆ ಶಿಂಗಾರ ಮಾಡೀಯಲ್ಲೋ! ಕುಣ್ಯಾಕತ್ತೈತಿ, ಮುಂದ ಹೋಗವಲ್ದು."

"ಸುಮ್ಮ ಕುಂಡ್ರು ಕಾಕಾ," ಎನ್ನುತ್ತ ನಿಯಾಜ ಕೆಳಗೆ ಹಾರಿದ. ಮನಗೂಳಿಯಲ್ಲಿ ಅವನ ಗ್ಯಾರೇಜು. ಜೀಪನ್ನು ನಾಲ್ಕು ಇಂಚು ಮೇಲೆತ್ತುವ ಉಕ್ಕಿನ ಸ್ಪ್ರಿಂಗ್ ಪಾಟಾಗಳನ್ನೂ ಕುಲುಕು ತಡೆಯುವ ಉದ್ದನೆಯ ಶಾಕಪ್‌ಗಳನ್ನೂ ಹುಡುಕಿ ತರಿಸಿ ಹಾಕಿದ್ದ. ಆ ಎತ್ತರಕ್ಕೆ ಒಪ್ಪಲೆಂದು ಅಗಲವಾದ ದೊಡ್ಡ ಟೈರುಗಳನ್ನೂ ಜೋಡಿಸಿದ್ದ.

ಸ್ಟಿಯರಿಂಗ್ ಬಿಟ್ಟು ಜಯಮಾಲಾ ಇಳಿದಳು. ಹೂವಿನ ಹಿಪ್ಪರಗಿಯ ದನದ ಡಾಕ್ಟರ್. ಹೋದ ಮಳೆಗಾಲದಲ್ಲಿ ಕಾಶಿಬಾಯಿಯ ಹೊಲದ ದಾರಿಯಲ್ಲಿ ಗಾಲಿಗೆ ಮಣ್ಣು ಕಟ್ಟಿ ಇದೇ ಜೀಪು ನಿಂತಿತ್ತು. ಚೀಲ ಹೊತ್ತು ನಡೆದು ಮುಟ್ಟುವಷ್ಟರಲ್ಲಿ, ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿದ್ದ ಎಮ್ಮೆ ಸತ್ತುಹೋಗಿತ್ತು. ಈ ಸಲ ಮಳೆ ಹಿಡಿಯುವುದರೊಳಗೆ ಜೀಪು ಸರಿಯಾಗಬೇಕು ಎಂದಷ್ಟೇ ಅವಳು ನಿಯಾಜನಿಗೆ ಹೇಳಿದ್ದಳು.

ಅವಳು ಬಗ್ಗಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಲು ನೋಡಿದಳು. ಬೆರಳೂ ಹೋಗಲಿಲ್ಲ. ಜೋಳದ ಕೂಳೆ ಬೆರೆತ ಮಣ್ಣು ಗಿಡಿದು ಕಲ್ಲಾಗಿತ್ತು.

"ನಿಯಾಜಭಾಯಿ, ಜೀಪ ಯಾಕ ಎತ್ತರ ಮಾಡೀವ್ರಿ?"

"ಹೊಟ್ಟಿ ನೆಲಕ್ಕ ಹತ್ತಬಾರ್ದಂತ್ರೀ ಬಾಯಾರ."

"ಹೊಟ್ಟಿ ಹತ್ತಿಲ್ಲ, ಗಾಲಿ ಹಿಡ್ದೈತಿ. ಮ್ಯಾಲ ಎತ್ತಿ ಮಾಡಿದ ಜಾಗಾನೆಲ್ಲ ಈ ಟೈರ ತಿಂದಾವು. ಮಣ್ಣ ಉದುರಾಕ ಸಂದು ಬೇಕ್ರಿ. ನನ್ನ ಹಳೇ ಸಣ್ಣ ಟೈರ ಹಾಕ್ರಿ."

ನಿಯಾಜನ ಮುಖ ಇಳಿಯಿತು. "ಇಷ್ಟ ಎತ್ತರಕ್ಕ ಆ ಬಡಕಲ ಗಾಲಿ? ಕೋಳಿ ಸೀರಿ ಎತ್ಕೊಂಡ ನಿಂತಂಗ ಕಾಣ್ತೈತ್ರಿ. ಮಂದಿ ನಗ್ತಾರ."

"ನಗಲಿ. ಎಮ್ಮಿ ನಗೂದಿಲ್ಲ."

ಗುರಪ್ಪ ಚಪ್ಪಾಳೆ ತಟ್ಟಿದ. ನಿಯಾಜ ಸಬ್ಬಲು ತಂದು ಮಣ್ಣು ಕೆದರಿದ. ಬಿಡಿಸಿದ ಜಾಗದಲ್ಲಿ ಮುಷ್ಟಿ ಇಟ್ಟು ನೋಡಿದ, ತೆಗೆದ, ಮತ್ತೆ ಇಟ್ಟ. ಬೇಸರ ಅವನ ಮುಖದಿಂದ ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ.

"ಸಣ್ಣ ಟೈರಾದ್ರ ನಾಕ ಇಂಚ ಬ್ಯಾಡ್ರಿ," ಎಂದ ನಿಧಾನವಾಗಿ. "ಎರಡ ಇಂಚ ಎತ್ತೂ ಪಾಟಾ ಸಾಕು. ಭಾಳ ಎತ್ತರಾದ್ರ ಬದು ಹತ್ತುವಾಗ ವಾಲ್ತೈತಿ. ಪಾಟಾ ಮೆತ್ತಗಿರೂವು ಹುಡುಕ್ತೇನಿ. ನಿಮ್ಮ ಔಷಧದ ಬಾಟ್ಲಿನೂ ಒಡಿಬಾರ್ದಲ್ಲ."

ಬಾಟಲಿಯ ಮಾತು ಜಯಮಾಲಾಗೆ ಹೊಳೆದಿರಲಿಲ್ಲ. ಅವಳು ಅವನನ್ನೇ ನೋಡಿದಳು. ಆಸೆಪಟ್ಟು ತಂದದ್ದನ್ನೆಲ್ಲ ತಾನೇ ಬಿಚ್ಚಬೇಕಾದವನು ಆಗಲೇ ಮುಂದಿನ ಕೆಲಸದಲ್ಲಿದ್ದ.

ಮುಂದಿನ ವಾರ ಜೀಪು ಅದೇ ಕೆಸರಿಗೆ ಇಳಿಯಿತು. ನೋಡಲು ಅಂಥ ಚೆಂದವೇನಿರಲಿಲ್ಲ. ಗಾಲಿಗೆ ಮಣ್ಣು ಕಟ್ಟಿತು, ದಪ್ಪವಾಯಿತು, ಇನ್ನೇನು ಹಿಡಿಯಿತು ಎನ್ನುವಾಗ ಹೆಂಟೆಹೆಂಟೆಯಾಗಿ ಕಳಚಿ ಬಿತ್ತು. ಜೀಪು ಆಚೆ ದಂಡೆ ಹತ್ತಿತು. ನಿಯಾಜ ಸೀಟಿ ಹೊಡೆದ.

ಜಯಮಾಲಾ ಇಳಿಯಲಿಲ್ಲ. ರಿವರ್ಸ್ ಹಾಕಿ ಮತ್ತೆ ಮೊದಲಿದ್ದ ಜಾಗಕ್ಕೇ ಬಂದಳು.

"ಕಾಕಾ, ಇನ್ನಷ್ಟ ನೀರ ಬಿಡ್ರಿ."

"ಪಾರಾತಲ್ಲ ತಂಗಿ, ಇನ್ನೇನ?" ಎಂದ ಗುರಪ್ಪ.

"ಮಳಿ ಇಷ್ಟಕ್ಕ ನಿಂದ್ರೂದಿಲ್ರಿ."

ಗುರಪ್ಪ ತಲೆಯಾಡಿಸುತ್ತ ಬೋರಿನ ಕಡೆ ನಡೆದ. ನಿಯಾಜ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಜೀಪಿನ ಪಕ್ಕ ನಿಂತ. ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ನೀರು ಬಂತು. ಸುತ್ತಲ ಒಣ ನೆಲದ ಬಿರುಕುಗಳಲ್ಲಿ ಗುಳುಗುಳು ಇಳಿದು, ತುಂಬಿ, ಮೆಲ್ಲಗೆ ಮೇಲೇರಿತು. ಎಂಜಿನ್ ಆರಿಸಿ ಅವಳು ಅದನ್ನೇ ನೋಡುತ್ತ ಕುಳಿತಳು.